ಹನ್ನೊಂದು ಹಸಿರು ಪೊಟ್ಟಣಗಳ ಕಾವಲು

ತೈನಾನ್ ಪಟ್ಟಣದ ಹಳೆಯ ಪಶ್ಚಿಮ ಬಾಗಿಲ ಹತ್ತಿರದ ಗಲ್ಲಿಯಲ್ಲಿ ಕೋ ಯೂಚಾನ್ ಅವರನ್ನು ಅರಿಯದ ಮನೆಯಿಲ್ಲ. ಅವರು ಮಾತ್ರ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಮೀನುಗಂಜಿ ಮಾರುವವನು ಅವರಿಗೆ "ಐನೂರ ಹನ್ನೆರಡು". ಮೂಲೆಯ ಕಿರಾಣಿ ಅಂಗಡಿಯ ಬೀಹೋ ಎಂಬಾಕೆ "ಎಂಟುನೂರ ಮೂವತ್ತೇಳು". ಐವತ್ತು ವರ್ಷಗಳ ಹಿಂದೆ ಆ ಮನೆಗಳಿಗಿದ್ದ ಟೆಲಿಫೋನ್ ಸಂಖ್ಯೆಗಳ ಕೊನೆಯ ಅಂಕಿಗಳಿವು. ಆ ಫೋನುಗಳು ಎಂದೋ ಮೂಲೆ ಸೇರಿವೆ. ಅಂಕಿಗಳು ಮಾತ್ರ ಯೂಚಾನ್ ಅವರ ನಾಲಿಗೆಯ ಮೇಲೆ ನಿನ್ನೆ ಮೊನ್ನೆಯವುಗಳಂತೆ ಉಳಿದಿವೆ.

ಹತ್ತೊಂಬತ್ತನೆಯ ವಯಸ್ಸಿಗೆ ಅವರು ಟೆಲಿಫೋನ್ ಕಚೇರಿ ಸೇರಿದರು. ಕಿವಿಗೆ ಕೊಳವೆ, ಮುಂದೆ ನೂರಾರು ತೂತುಗಳ ಹಲಗೆ, ಎರಡು ಕೈಯಲ್ಲಿ ಎರಡು ತಂತಿ. ಈ ಊರಿನವರ ಮಾತನ್ನು ಆ ಊರಿನವರಿಗೆ ಕೂಡಿಸುವುದು, ಮುಗಿದ ಮೇಲೆ ಕೀಳುವುದು. ಇದನ್ನು ಮೂವತ್ತೊಂದು ವರ್ಷ ಮಾಡಿದರು. ಒಂದು ಬಿರುಗಾಳಿಯ ದಿನ ಕಚೇರಿಯೊಳಗೆ ನೀರು ನುಗ್ಗಿ ಕುರ್ಚಿಗಳೆಲ್ಲ ತೇಲಾಡುತ್ತಿದ್ದಾಗ, ಕಡಲಾಚೆಯ ದ್ವೀಪದ ಸೂಲಗಿತ್ತಿಗೂ ಇಲ್ಲಿಯ ವೈದ್ಯರಿಗೂ ನಡುವಿನ ಕರೆಯನ್ನು ಯೂಚಾನ್ ನಾಲ್ಕು ಗಂಟೆ ಕಾಲ ನಿಂತೇ ಕಾಯ್ದರು. ಸಂಜೆಯ ಹೊತ್ತಿಗೆ ಗಂಡುಮಗು ಹುಟ್ಟಿತು. ಈ ಕಥೆ ಗಲ್ಲಿಯ ನಾಯಿಗಳಿಗೂ ಬಾಯಿಪಾಠ. ಆ ಮಗು ಈಗ ತಾತನಾಗಿರಬಹುದು. ಕಥೆಗೆ ಮಾತ್ರ ಇನ್ನೂ ಹರೆಯ.

ಇಂಥವರ ಮನೆಯಲ್ಲೇ ಇಂಟರ್ನೆಟ್ ಕೈಕೊಟ್ಟರೆ ಮರ್ಯಾದೆಯ ಪ್ರಶ್ನೆಯಲ್ಲವೇ?

ಮಗ ಸರಕು ಹಡಗಿನಲ್ಲಿ ಯಂತ್ರ ನೋಡಿಕೊಳ್ಳುವವನು. ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆಯೇ. ಮನೆಯಲ್ಲಿರುವವರು ಯೂಚಾನ್ ಮತ್ತು ಸೊಸೆ ಪೇಯೂ. ಪೇಯೂಳ ತಂದೆ ತಾಯಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಅವಳು ಮಾತಾಡುವುದಕ್ಕೆ ಮೊದಲು ಕೈಯಾಡಿಸಲು ಕಲಿತವಳು. ತಾಯಿ ಅವಳಿಗೆ ಜೋಗುಳ ಹಾಡಿದ್ದು ಬೆರಳುಗಳಲ್ಲಿ. ಅದೇ ಅವಳಿಗೆ ಅನ್ನದ ದಾರಿಯೂ ಆಯಿತು. ಕಿವಿ ಕೇಳದವರು ಆಸ್ಪತ್ರೆಗೋ ಕಚೇರಿಗೋ ಹೋದಾಗ ಅಲ್ಲಿಂದ ಪರದೆಯ ಮೇಲೆ ಪೇಯೂಳನ್ನು ಕರೆಯುತ್ತಾರೆ. ಎದುರಿನವರು ಆಡಿದ್ದನ್ನು ಅವಳು ಕೈಯಲ್ಲಿ ತೋರಿಸುತ್ತಾಳೆ. ಇವರು ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಆಡುತ್ತಾಳೆ. ಮೊದಲು ಇದಕ್ಕಾಗಿ ದೂರದ ತೈಪೆಯ ಕೈಮಾತಿನ ಕೇಂದ್ರದಲ್ಲಿ ಗೂಡಿನಂಥ ಕೋಣೆಯೊಂದರಲ್ಲಿ ಕೂರಬೇಕಿತ್ತು. ಮದುವೆಯಾದ ಮೇಲೆ ಬಹಳ ಕೇಳಿಕೊಂಡು, ತೈನಾನಿನ ಮನೆಯ ಮಹಡಿಯಲ್ಲೇ ಕೂತು ಕೆಲಸ ಮಾಡಲು ಅನುಮತಿ ತಂದಿದ್ದಳು.

"ನೀನೂ ನನ್ನ ಕಸುಬಿನವಳೇ ಕಣೇ," ಎಂದು ಯೂಚಾನ್ ಮೊದಲ ದಿನವೇ ತೀರ್ಪು ಕೊಟ್ಟಿದ್ದರು. "ಅವರ ಮಾತು ಇವರಿಗೆ, ಇವರ ಮಾತು ಅವರಿಗೆ. ತಂತಿ ಇಲ್ಲ, ಅಷ್ಟೇ."

"ಕಿವಿಗೆ ಕೊಳವೆ ಇದೆಯಲ್ಲ ಅತ್ತೆ."

"ಅದೂ ಇದೆಯಾ! ಹಾಗಾದ್ರೆ ನೀನು ಪೂರಾ ನಮ್ಮವಳೇ."

ಕೆಲಸದಲ್ಲಿದ್ದಾಗ ಪೇಯೂಳ ಕೈ ಕಿವುಡರ ಪಾಲು, ಬಾಯಿ ವೈದ್ಯರ ಪಾಲು. ಮನೆಯವರ ಪಾಲಿಗೆ ಉಳಿದದ್ದು ಕಾಲು. ಅವಳ ತವರಿನಲ್ಲಿ ಯಾರನ್ನಾದರೂ ಕರೆಯಬೇಕಾದರೆ ನೆಲ ತುಳಿಯುತ್ತಿದ್ದರು. ಅದುರು ಮುಟ್ಟಿದರೆ ತಿರುಗಿ ನೋಡುತ್ತಿದ್ದರು. ಆ ಪದ್ಧತಿ ಇಲ್ಲಿಗೂ ಬಂತು. ಮಹಡಿಯದು ಹಲಗೆಯ ನೆಲ. ಒಂದು ಸಲ ತುಳಿದರೆ "ತೊಂದರೆ", ಎರಡು ಸಲ ತುಳಿದರೆ "ಸರಿಯಾಯಿತು". ಕೆಳಗೆ ಹುರುಳಿಕಾಯಿ ಮುರಿಯುತ್ತ ಕೂತ ಯೂಚಾನ್ ಇದನ್ನು ಕೇಳಿಸಿಕೊಂಡು, ಹಳೆಯ ಕಚೇರಿಯ ಗಂಟೆ ಕೇಳಿದವರಂತೆ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

ಇತ್ತೀಚೆಗೆ ಬರುತ್ತಿದ್ದುದೆಲ್ಲ ಒಂಟಿ ತುಳಿತವೇ.

ಒಂದು ದಿನ ಔಷಧದ ಅಂಗಡಿಯಿಂದ ಕರೆ ಬಂದಿತ್ತು. "ಈ ಎರಡು ಮಾತ್ರೆ ಒಟ್ಟಿಗೆ ತಗೋಬೇಡಿ" ಎಂದು ಹೇಳಬೇಕು. ಪೇಯೂ "ಈ ಎರಡು ಮಾತ್ರೆ ಒಟ್ಟಿಗೆ" ಎನ್ನುವವರೆಗೆ ಕೈಯಾಡಿಸಿದ್ದಳು. ಅಲ್ಲಿಗೆ ಚಿತ್ರ ನಿಂತುಹೋಯಿತು. "ಬೇಡಿ" ಎನ್ನುವುದು ತಲುಪಲು ಎರಡು ನಿಮಿಷ ಬೇಕಾಯಿತು. ಪುಣ್ಯಕ್ಕೆ ಮಾತ್ರೆ ಕೊಳ್ಳಲು ಬಂದಿದ್ದ ಅಜ್ಜಿ ಅವನ್ನು ನುಂಗಲು ನೀರಿಗಾಗಿ ಕಾಯುತ್ತಿದ್ದರು.

ವಿಷಯ ತೈಪೆಯ ಕೇಂದ್ರಕ್ಕೆ ಮುಟ್ಟಿತು. ಅಲ್ಲಿಂದ ಪತ್ರ ಬಂತು. ಇನ್ನೊಂದು ತಿಂಗಳು ನೋಡುತ್ತೇವೆ. ಆ ಅವಧಿಯಲ್ಲಿ ಮೂವತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಚಿತ್ರ ಮತ್ತೊಮ್ಮೆ ನಿಂತರೆ ನೀವು ತೈಪೆಗೆ ಬಂದು ಕೋಣೆಯಲ್ಲೇ ಕೂರಬೇಕು, ಎಂದು ಅದರಲ್ಲಿತ್ತು. ಹಾಗಾದರೆ ಪೇಯೂ ವಾರಕ್ಕೆ ಐದು ದಿನ ತೈಪೆಯಲ್ಲೇ ಇರಬೇಕಾಗುತ್ತಿತ್ತು.

"ಹೋದ್ರೆ ಹೋಗು," ಎಂದರು ಯೂಚಾನ್, ಹುರುಳಿಕಾಯಿಯಿಂದ ತಲೆಯೆತ್ತದೆ. "ನನಗೇನು? ಒಬ್ಬಳಿಗೆ ಅಡುಗೆ ಸಲೀಸು." ಅಂದು ಅವರು ಮುರಿದ ಹುರುಳಿಕಾಯಿ ಆರು ಜನರಿಗಾಗುವಷ್ಟಿತ್ತು.

ಪೇಯೂ ತನಗೆ ತಿಳಿದ ಉಪಾಯಗಳನ್ನೆಲ್ಲ ಮಾಡಿದಳು. ಹೆಚ್ಚು ವೇಗದ ಯೋಜನೆಗೆ ಬದಲಾಯಿಸಿದಳು. ಇಂಟರ್ನೆಟ್ಟಿನ ವೈಫೈ ಪೆಟ್ಟಿಗೆಯನ್ನು ದಿನವೂ ಬೆಳಿಗ್ಗೆ ಆರಿಸಿ ಹೊತ್ತಿಸಿದಳು. ಕೆಲಸದ ಹೊತ್ತಿನಲ್ಲಿ ಟೀವಿಯ ಧಾರಾವಾಹಿ ಬೇಡವೆಂದಳು. ಯೂಚಾನ್ ಅದನ್ನೂ ಒಪ್ಪಿ, ಬೀಹೋಳ ಅಂಗಡಿಗೆ ಹೋಗಿ ನಿಂತು ನೋಡಿ ಬರುತ್ತಿದ್ದರು. ತಂತಿಯನ್ನೇ ಮಹಡಿಗೆ ಎಳೆದರೆ ಹೇಗೆ ಎಂಬ ಮಾತು ಬಂದಾಗ ಮಾತ್ರ ಅವರು ಸಿಡಿದರು.

"ತೊಲೆಗೆ ತೂತು ಹಾಕ್ತೀಯಾ? ನಮ್ಮ ಮಾವನೋರು ಗೋಡೆಗೆ ಕ್ಯಾಲೆಂಡರ್ ಮೊಳೆ ಹೊಡೆಯೋಕೂ ಒಳ್ಳೆ ದಿನ ನೋಡ್ತಿದ್ರು!"

ಪೆಟ್ಟಿಗೆ ಇದ್ದುದು ಕೆಳಗಿನ ಹಜಾರದಲ್ಲಿ, ಹಿರಿಯರ ಪೂಜಾಪೀಠದ ಪಕ್ಕದ ಗೂಡಿನಲ್ಲಿ. ಗಲ್ಲಿಗೆಲ್ಲ ಮೊದಲ ಟೆಲಿಫೋನು ಬಂದು ಕೂತಿದ್ದ ಗೂಡು ಅದು. ಅದನ್ನು ಅಲ್ಲಿಂದ ಕದಲಿಸುವ ಮಾತನ್ನು ಯಾರೂ ಎತ್ತಲಿಲ್ಲ.

ಯೂಚಾನ್ ತಮಗೆ ತಿಳಿದ ಉಪಾಯಕ್ಕೆ ಕೈಹಾಕಿದರು. ಅವರ ಕೆಲಸದ ಕೊನೆಯ ವರ್ಷಗಳಲ್ಲಿ, ಕಚೇರಿಗೆ ಕಂಪ್ಯೂಟರುಗಳು ಬಂದ ಮೇಲೆ, ಕಲಿತದ್ದು ಅದು. ಯಂತ್ರ ಹಠ ಮಾಡದಿರಲೆಂದು ಅದರ ಪಕ್ಕದಲ್ಲಿ ತೆಂಗಿನ ರುಚಿಯ ಜೋಳದ ಕುರುಕು ತಿಂಡಿಯ ಪೊಟ್ಟಣವೊಂದನ್ನು ಇಡುವುದು. 'ಹೇಳಿದ ಮಾತು ಕೇಳು' ಎಂಬ ಅರ್ಥದ ಹೆಸರಿಟ್ಟು, ಮಕ್ಕಳನ್ನು ಪುಸಲಾಯಿಸಲು ಕೊಡುವ ಈ ತಿಂಡಿಗೆ ಯಂತ್ರವೂ ಸೋಲಲೇಬೇಕಲ್ಲ. ಈ ನಾಡಿನಲ್ಲಿ ಆಸ್ಪತ್ರೆಯಲ್ಲೂ ಇಡುತ್ತಾರೆ, ಬ್ಯಾಂಕಿನಲ್ಲೂ ಇಡುತ್ತಾರೆ. ನಗುವವರು ನಕ್ಕು, ಆಮೇಲೆ ತಾವೂ ಒಂದು ಇಡುತ್ತಾರೆ. ಪೊಟ್ಟಣ ಹಸಿರೇ ಆಗಿರಬೇಕು, ಏಕೆಂದರೆ ಎಲ್ಲವೂ ಸರಿಯಿದೆ ಎನ್ನುವ ದೀಪ ಹಸಿರು. ಕಾವಲಿಗೆ ಕೂತ ಪೊಟ್ಟಣವನ್ನು ಯಾರೂ ತಿನ್ನುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ತಾರೀಖು ಮೀರಿರಬಾರದು; ಗಡುವು ಮುಗಿದ ಕಾವಲುಗಾರನಿದ್ದರೆ ಯಂತ್ರ ಮೊದಲಿಗಿಂತ ಹೆಚ್ಚು ಹಠ ಮಾಡುತ್ತದೆ.

ಯೂಚಾನ್ ಬೀಹೋಳ ಅಂಗಡಿಯಿಂದ ಒಂದು ಹಸಿರು ಪೊಟ್ಟಣ ತಂದು, ಪೆಟ್ಟಿಗೆಯ ಮುಂದೆ ಹೆಸರು ಕಾಣುವಂತೆ ನಿಲ್ಲಿಸಿ, ಕೈಮುಗಿದರು. ಅಂದು ಚಿತ್ರ ಒಮ್ಮೆಯೂ ನಿಲ್ಲಲಿಲ್ಲ.

"ನೋಡಿದ್ಯಾ?"

"ನೋಡ್ದೆ ಅತ್ತೆ. ನಿಮ್ಮ ಕೈಗುಣ."

ಮರುದಿನ ಮತ್ತೆ ಒಂಟಿ ತುಳಿತ. ಪಾಪ, ಒಂದು ಪೊಟ್ಟಣಕ್ಕೆ ಎಷ್ಟೆಂದು ಶಕ್ತಿ? ಯೂಚಾನ್ ಎರಡನೆಯದನ್ನು ಇಟ್ಟರು. ಔಷಧ ನಾಟದಿದ್ದರೆ ಪ್ರಮಾಣ ಸಾಲದೆಂದು ಅರ್ಥ. ಎಡಕ್ಕೊಂದು, ಬಲಕ್ಕೊಂದು, ಹಿಂದಕ್ಕೆರಡು, ತಲೆಯ ಮೇಲೊಂದು. ಹತ್ತಾಗುವ ಹೊತ್ತಿಗೆ ಪೆಟ್ಟಿಗೆಯೇ ಕಾಣದಾಗಿ, ಸಂದುಗಳಲ್ಲಿ ಅದರ ಹಸಿರು ದೀಪವೊಂದು ಮಿಣಮಿಣ ಎನ್ನುತ್ತಿತ್ತು. ಪೇಯೂ ಕೂಡ ಮಹಡಿ ಹತ್ತುವ ಮುನ್ನ ಅವುಗಳಿಗೆ ತಲೆಬಾಗಿ ಹೋಗುತ್ತಿದ್ದಳು. ಪೊಟ್ಟಣಗಳ ಮೇಲೆ ಸಂಶಯಪಡುವ ಹೊಳಹು ಅವಳ ಬುದ್ಧಿಗೂ ಬರಲಿಲ್ಲ. ಕಾವಲುಗಾರನನ್ನೇ ಕಳ್ಳನೆಂದು ಯಾರು ಎಣಿಸುತ್ತಾರೆ?

ಇಂಟರ್ನೆಟ್ ಕಂಪನಿಯಿಂದ ತ್ಸೆಂಗ್ ಎಂಬ ತಂತಿಗಾರ ಬಂದ. ಬೀದಿಯಿಂದ ಬರುವ ತಂತಿಯನ್ನು ತನ್ನ ಉಪಕರಣಕ್ಕೆ ಚುಚ್ಚಿ ನೋಡಿದ.

"ಅಮ್ಮಾ, ನಮ್ಮ ಕಡೆಯಿಂದ ಕುದುರೆ ಓಡಿದ ಹಾಗೆ ಬರ್ತಿದೆ. ಏನೂ ದೋಷ ಇಲ್ಲ."

"ಮೇಲೆ ಹೋಗೋ ಹೊತ್ತಿಗೆ ಕುದುರೆ ಆಮೆ ಆಗತ್ತಲ್ಲಪ್ಪ. ನಮ್ಮ ಕಾಲದಲ್ಲಿ ನಾವು ಹಾಗೆ ಕೈ ತೊಳ್ಕೊಳ್ತಿರ್ಲಿಲ್ಲ. ದೂರು ಬಂದ್ರೆ ಮೊದಲು ನಮ್ಮ ಹಲಗೆ ನೋಡ್ಕೊಂಡು ಆಮೇಲೆ ಊರ ತಂತಿ ನೋಡ್ತಿದ್ವಿ."

ತ್ಸೆಂಗ್ ಗೂಡಿನತ್ತ ಬಗ್ಗಿದ. ಹತ್ತು ಪೊಟ್ಟಣಗಳನ್ನು ಕಂಡು ಅವನ ಮುಖದಲ್ಲಿ ಗೌರವ ಮೂಡಿತು.

"ಹತ್ತು! ನಮ್ಮ ದೊಡ್ಡ ಕಚೇರಿಯಲ್ಲೂ ಇಷ್ಟಿಲ್ಲಮ್ಮ." ಅನಂತರ ಸ್ವಲ್ಪ ಯೋಚಿಸಿ, ತನ್ನ ಉಪಕರಣದ ಚೀಲದಿಂದ ಇನ್ನೊಂದು ಹಸಿರು ಪೊಟ್ಟಣ ತೆಗೆದ. "ಯಾವಾಗ್ಲೂ ಒಂದು ಇಟ್ಕೊಂಡಿರ್ತೀನಿ. ಇದೂ ಇರ್ಲಿ."

ಉಳಿದಿದ್ದ ಒಂದೇ ಸಂದಿನಲ್ಲಿ ಅದನ್ನು ತುರುಕಿ, ಬೂದುಗುಂಬಳದ ಚಹಾ ಕುಡಿದು ಹೊರಟುಹೋದ. ಅಲ್ಲಿಗೆ ಕೋಟೆ ಪೂರ್ತಿಯಾಯಿತು.

ತಿಂಗಳು ಮುಗಿಯಲು ಎರಡು ದಿನ ಬಾಕಿಯಿರುವಾಗ, ಬೆಳಿಗ್ಗೆ ಹತ್ತಕ್ಕೆ, ಚುವಾಂಗ್ ಅವರ ಕರೆ ಬಂತು. ಚುವಾಂಗ್ ಪೇಯೂಳ ತಂದೆಗೆ ಕಿವುಡರ ಶಾಲೆಯಲ್ಲಿ ಜೊತೆಗಾರರಾಗಿದ್ದವರು. ದೇವಾಲಯಗಳ ಕಾಗದದ ದೀಪದ ಬುಟ್ಟಿಗಳಿಗೆ ಚಿತ್ರ ಬರೆಯುವವರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಕಿವಿಯಿಲ್ಲದವರಿಗೆ ಕಣ್ಣೇ ಕಿವಿ; ಅದನ್ನು ಕೊಯ್ಯುತ್ತೇವೆ ಎಂದರೆ ಎದೆ ನಡುಗದೇ ಇರುತ್ತದೆಯೇ? ತೈಪೆಯವರ ಕೈಮಾತಿಗೂ ತೈನಾನಿನ ಕೈಮಾತಿಗೂ ಅಲ್ಲಲ್ಲಿ ವ್ಯತ್ಯಾಸವಿದೆ. ಮುದುಕರು ಆಸ್ಪತ್ರೆಯಲ್ಲಿ ಹಠ ಹಿಡಿದು ಪೇಯೂಳನ್ನೇ ಕೇಳಿದ್ದರು.

ಯೂಚಾನ್ ಕೆಳಗಿನಿಂದ ಪೇಯೂಳ ದನಿ ಕೇಳುತ್ತಿದ್ದರು. ಚುವಾಂಗ್ ಕೈಯಲ್ಲಿ ಆಡಿದ್ದನ್ನು ಅವಳು ಬಾಯಲ್ಲಿ ಹೇಳುತ್ತಿದ್ದಳು. "ಡಾಕ್ಟ್ರೇ, ಈ ಹುಡುಗಿ ಮುಖ ಮಂಜುಮಂಜಾಗಿದೆ. ನನ್ನ ಕಣ್ಣಿನ ದೋಷಾನೋ, ನಿಮ್ಮ ಪರದೆ ದೋಷಾನೋ? ಪರದೇದಾದ್ರೆ ಮೊದಲು ಅದನ್ನ ಕೊಯ್ಯಿರಿ!"

ಅಷ್ಟರಲ್ಲಿ ಧಪ್ ಎಂದು ಒಂದು ತುಳಿತ.

ಯೂಚಾನ್ ಗೋಡೆಯ ಗಡಿಯಾರದ ಸೆಕೆಂಡು ಮುಳ್ಳು ನೋಡಿದರು. ಐದು, ಆರು, ಏಳು. ಹನ್ನೆರಡನೇ ಸೆಕೆಂಡಿಗೆ ಪೇಯೂಳ ಮಾತು ಮತ್ತೆ ಕೇಳಿಸಿತು. ತುಸು ಹೊತ್ತಿಗೆ ಮತ್ತೊಂದು ಧಪ್. ಈ ಸಲ ಹತ್ತೊಂಬತ್ತು ಸೆಕೆಂಡು. ಯೂಚಾನ್ ಗೂಡಿನ ಬಳಿಗೆ ಓಡಿದರು. "ಏನಪ್ಪಾ ನಿಮಗೆ ಬಂದಿರೋ ರೋಗ?" ಎಂದು ಮುಂದಿನ ಪೊಟ್ಟಣವನ್ನು ಎತ್ತಿ ಗದರಿದರು. ಆಗ ಅದರ ಬೆನ್ನಿನ ಮೇಲಿನ ತಾರೀಖು ಕಣ್ಣಿಗೆ ಬಿತ್ತು. ಗಡುವು ನಿನ್ನೆಗೇ ಮುಗಿದಿತ್ತು. ಎರಡನೆಯದಕ್ಕೂ ನಿನ್ನೆಗೇ. ಬೀಹೋಳ ಅಂಗಡಿಯಿಂದ ತಂದ ಹತ್ತಕ್ಕೂ ನಿನ್ನೆಗೇ!

"ಅಯ್ಯೋ ಎಂಟುನೂರ ಮೂವತ್ತೇಳೇ, ನಿನ್ನ ಮನೆ ಹಾಳಾಗ!"

ಎಲ್ಲವನ್ನೂ ಬಾಚಿ ಚಾಪೆಯ ಮೇಲೆ ಸುರಿದು, ಪೆಟ್ಟಿಗೆಯ ಧೂಳು ಒರೆಸಿದರು. ಅದು ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗಿತ್ತು. ಒರೆಸುತ್ತಿದ್ದಂತೆಯೇ ಮೇಲಿನಿಂದ ಧಪ್ ಧಪ್ ಎಂದು ಎರಡು ತುಳಿತ ಕೇಳಿತು. ಯೂಚಾನ್ ಅವರಿಗೆ ಹಿಗ್ಗೋ ಹಿಗ್ಗು. ಕೆಟ್ಟ ಕಾವಲುಗಾರರನ್ನು ತೆಗೆದದ್ದಕ್ಕೇ ಇಷ್ಟು ಗುಣವಾದರೆ, ಹೊಸಬರನ್ನು ತಂದು ನಿಲ್ಲಿಸಿದರೆ ಇನ್ನೆಷ್ಟು! ಚಪ್ಪಲಿ ಮೆಟ್ಟದೆ ಅಂಗಡಿಗೆ ಓಡಿದರು.

"ತಾರೀಖು ನೋಡಿ ಕೊಡೇ ಈ ಸಲ!"

"ತಿನ್ನೋಕೆ ತಗೊಂಡೋಗಿದ್ರೆ ಎಂದೋ ಖಾಲಿ ಆಗ್ತಿತ್ತು," ಎಂದಳು ಬೀಹೋ. "ಯಂತ್ರಕ್ಕೆ ಅಂತ ಹೇಳಿದ್ರಾ ನೀವು? ಹೇಳ್ಲಿಲ್ಲ. ಇಷ್ಟು ಕುರುಕು ತಿಂಡಿ ಯಾರಿಗೆ, ಅಜ್ಜಿಗೆ ಹೊಸ ಹಲ್ಲೇನಾದ್ರೂ ಬಂತಾ ಅಂತ ನಾನೂ ಯೋಚಿಸ್ತಿದ್ದೆ."

ಯೂಚಾನ್ ಆಗಲೇ ಹೊರಟಿದ್ದರು. ಹತ್ತು ಹೊಸ ಪೊಟ್ಟಣಗಳನ್ನು ಮಡಿಲು ತುಂಬ ತಂದು, ಎಂದಿನ ಕ್ರಮದಲ್ಲೇ ಜೋಡಿಸಿದರು. ಹಿಂದೆ ಎರಡು, ಎಡ ಬಲ, ತಲೆಯ ಮೇಲೆ. ತ್ಸೆಂಗ್ ಕೊಟ್ಟದ್ದಕ್ಕೆ ಇನ್ನೂ ಗಡುವಿತ್ತು, ಅದನ್ನೂ ಸೇರಿಸಿದರು. ಕೊನೆಯದನ್ನು ಮುಂದೆ ನಿಲ್ಲಿಸಿ ಕೈಮುಗಿಯುವುದಕ್ಕೂ ಮೇಲೆ ಧಪ್ ಎನ್ನುವುದಕ್ಕೂ ಸರಿಹೋಯಿತು.

ಯೂಚಾನ್ ಬೆಪ್ಪಾದರು. ಹೊಸ ಪೊಟ್ಟಣಗಳು! ತಾರೀಖಿಗೆ ಇನ್ನೂ ಎಂಟು ತಿಂಗಳಿದೆ! ಗಡಿಯಾರದ ಮುಳ್ಳು ಹತ್ತು ದಾಟಿತು. ಮೇಲೆ ಪೇಯೂ ಬಾಯಿಬಿಟ್ಟೇ ಕೂಗಿದಳು: "ಅತ್ತೆ! ಈಗ ತಾನೇ ಕನ್ನಡಿ ಹಂಗಿತ್ತು! ಏನ್ ಮಾಡಿದ್ರಿ?"

ಏನು ಮಾಡಿದೆ? ಹದಿನೈದು. ಮೂವತ್ತೊಂದು ವರ್ಷದ ಹಳೆಯ ಕಿವಿ ಒಳಗಿನಿಂದ ಎದ್ದು ಕೇಳಿತು: ತೆಗೆದಾಗ ಎರಡು ತುಳಿತ, ಇಟ್ಟಾಗ ಒಂದು. ಕೂಡಿಸಿದ್ದೇನು, ಕಿತ್ತದ್ದೇನು? ದೂರು ಬಂದರೆ ಮೊದಲು ನಿನ್ನ ಹಲಗೆ ನೋಡಿಕೋ. ಹತ್ತೊಂಬತ್ತು. ಒಂದು ಕರೆಯನ್ನೂ ತುಂಡಾಗಲು ಬಿಡದ ತನ್ನ ಕೈಯೇ ತಿಂಗಳಿಡೀ, ಕೈಮುಗಿದು ಕೈಮುಗಿದು, ಸೊಸೆಯ ತಂತಿ ಕೀಳುತ್ತಿತ್ತೇ? ಹಾಗಿರಲಾರದು ಎನ್ನಲು ಮನಸ್ಸು ಬಾಯಿ ತೆರೆಯಿತು, ಇಪ್ಪತ್ತಮೂರು, ಕೈ ಅಷ್ಟರಲ್ಲಿ ಕೋಟೆಗೆ ನುಗ್ಗಿ ಹನ್ನೊಂದನ್ನೂ ಒಮ್ಮೆಗೇ ಬಾಚಿ ಎದೆಗವಚಿಕೊಂಡಿತು. ಇಪ್ಪತ್ತಾರು. ಇಪ್ಪತ್ತೇಳು.

ಧಪ್ ಧಪ್.

ಪೊಟ್ಟಣಗಳನ್ನು ಎಲ್ಲಿಡಬೇಕೆಂದು ಯೂಚಾನ್ ಅವರಿಗೆ ತಿಳಿಯಲಿಲ್ಲ. ನೆಲದ ಮೇಲಿಟ್ಟರೆ ಏನಾಗುವುದೋ, ಕುರ್ಚಿಯ ಮೇಲಿಟ್ಟರೆ ಏನಾಗುವುದೋ. ಹನ್ನೊಂದನ್ನೂ ತಬ್ಬಿಕೊಂಡು ಹಿಂದೆ ಹಿಂದೆ ಸರಿದು, ಅಡುಗೆಮನೆಯ ಕೊನೆಯ ಮೂಲೆಗೆ ಹೋಗಿ ನಿಂತರು. ಮೇಲೆ ವೈದ್ಯರ ಮಾತು ನಡೆಯಿತು. ಕೊಯ್ಯುವುದು ಒಂದೊಂದೇ ಕಣ್ಣನ್ನು, ಹೀಗಾಗಿ ಚುವಾಂಗ್ ಒಂದು ದಿನವೂ ಪೂರ್ತಿ ಕತ್ತಲಲ್ಲಿ ಇರಬೇಕಾಗಿಲ್ಲ. ಅದನ್ನು ಅವರು ಮೂರು ಸಲ ಕೇಳಿದರು. ಪೇಯೂ ಮೂರು ಸಲ ಹೇಳಿದಳು. ನಲವತ್ತು ನಿಮಿಷ. ಎಪ್ಪತ್ತಾರರ ಮುದುಕಿ ಉಸಿರು ಬಿಗಿಹಿಡಿದು ನಿಂತೇ ಇದ್ದರು. ಆ ಬಿರುಗಾಳಿಯ ದಿನದಂತೆಯೇ, ನೀರೊಂದು ಇರಲಿಲ್ಲ.

ಪೇಯೂ ಕೆಳಗಿಳಿದು ಬಂದಾಗ ಅತ್ತೆಯ ಮುಖದಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ಉಳಿದದ್ದೆಲ್ಲ ಹಸಿರು.

"ಒಪ್ಪಿದ್ರಾ?"

"ಒಪ್ಪಿದ್ರು. ಮುಂದಿನ ವಾರ ಎಡಗಣ್ಣು. 'ಕೊನೆಗೆ ನಿನ್ನ ಕೈ ಅಷ್ಟು ಚೆನ್ನಾಗಿ ಕಾಣ್ತಿತ್ತು, ಉಗುರು ಕತ್ತರಿಸಿಲ್ಲ ಅನ್ನೋದೂ ಕಾಣ್ತು' ಅಂದ್ರು." ಅವಳು ಪೊಟ್ಟಣಗಳನ್ನೂ ಬರಿದಾದ ಗೂಡನ್ನೂ ನೋಡಿದಳು. "ಅತ್ತೆ, ನೀವು ಯಾಕೆ ಹೀಗೆ?"

ಯೂಚಾನ್ ಹೊರೆಯನ್ನು ಅಡುಗೆಕಟ್ಟೆಯ ಮೇಲೆ ಇಳಿಸಿ, ಹಜಾರದ ಚಾಪೆಯ ಮೇಲಿನ ಹಳೆಯ ಪೊಟ್ಟಣವೊಂದನ್ನು ತೆಗೆದು ಹರಿದರು. ಒಳಮೈ ಬೆಳ್ಳಿಯ ತಗಡಿನಂತೆ ಹೊಳೆಯಿತು. ಅದನ್ನು ಸೊಸೆಯ ಮುಖದ ಮುಂದೆ ಪರದೆಯಂತೆ ಹಿಡಿದರು.

"ನಾನು ಕಾಣ್ತಿದೀನಾ?"

"ಇಲ್ಲ."

"ಪೆಟ್ಟಿಗೆಗೂ ನೀನು ಕಾಣ್ತಿರ್ಲಿಲ್ಲ." ಅವರ ದನಿ ಸಣ್ಣದಾಗಿತ್ತು. "ಮೊದಲೇ ಗೂಡಿನ ಮೂಲೆಯಿಂದ ಅದಕ್ಕೆ ಮೇಲೆ ಹತ್ತೋದು ಕಷ್ಟ, ಅದರ ಜೊತೆಗೆ ತಿಂಗಳಿಡೀ ತಗಡಿನ ಗೋಡೆ ಕಟ್ಟಿದೀನಿ ಕಣೇ, ನಾನೇ. ನಿನ್ನ ತೈಪೆಗೆ ಕಳಿಸೋಕೆ ಅಂತಲೇ ಮಾಡಿದ ಹಾಗೆ."

ಪೇಯೂ ನಗಬಾರದೆಂದು ತುಟಿ ಕಚ್ಚಿಕೊಂಡಳು, ಆಗಲಿಲ್ಲ. "ನಾನೂ ದಿನಾ ಬೆಳಿಗ್ಗೆ ತಲೆಬಾಗಿ ಹೋದ್ನಲ್ಲ ಅತ್ತೆ! ತ್ಸೆಂಗ್ ಕಲಿತವನು, ಅವನೂ ಒಂದು ಇಟ್ಟು ಹೋದ. ಮೂರು ಜನ ಸೇರಿ ಕಟ್ಟಿದ ಕೋಟೆ ಇದು."

"ಹೌದಲ್ವಾ! ಆ ತಂತಿಯವನು!" ಯೂಚಾನ್ ಅವರ ಬೆನ್ನು ನೆಟ್ಟಗಾಯಿತು. ಪಾಲು ಹಂಚಿಕೊಳ್ಳುವವರು ಸಿಕ್ಕರೆ ತಪ್ಪು ಎಷ್ಟೋ ಹಗುರ. ಇಬ್ಬರೂ ಕುಕ್ಕರಗಾಲಲ್ಲಿ ಕೂತು, ಗಡುವು ಮೀರಿದ ಒಂದು ಪೊಟ್ಟಣವನ್ನು ಖಾಲಿ ಮಾಡಿದರು. ಒಂದು ದಿನ ಮೀರಿದ್ದಕ್ಕೆ ರುಚಿಯೇನೂ ಕೆಟ್ಟಿರಲಿಲ್ಲ.

ಮಧ್ಯಾಹ್ನವೇ ಯೂಚಾನ್ ಹಿರಿಯರ ಪೀಠಕ್ಕೆ ಊದುಬತ್ತಿ ಹಚ್ಚಿ, ಮಾವನಿಗೆ ಗಟ್ಟಿಯಾಗಿಯೇ ಹೇಳಿದರು: "ಗೂಡು ಖಾಲಿ ಮಾಡ್ತಿದೀನಿ. ತೊಲೆಗೆ ತೂತಿಲ್ಲ, ಗಾಬರಿ ಆಗ್ಬೇಡಿ." ಮೆಟ್ಟಿಲ ಕಟಕಟೆಯ ಗುಂಟ ತಂತಿಯನ್ನು ಕಟ್ಟಿಕೊಂಡು ಹೋಗಿ, ಪೆಟ್ಟಿಗೆಯನ್ನು ಮಹಡಿಯ ಬಾಗಿಲಲ್ಲಿ, ಎದೆಯೆತ್ತರದ ಬಯಲು ಹಲಗೆಯ ಮೇಲೆ ಕೂರಿಸಿದರು. ಅಲ್ಲಿಂದ ಪೇಯೂಳ ಮೇಜಿಗೇ ಒಂದು ತಂತಿ ಎಳೆದರು. ಮೂವತ್ತೊಂದು ವರ್ಷ ತಂತಿ ಚುಚ್ಚಿದ ಬೆರಳು, ತಪ್ಪದೆ ಒಂದೇ ಸಲಕ್ಕೆ ಚುಚ್ಚಿತು.

ಎರಡು ದಿನ ಕಳೆಯಿತು. ಮೂರನೆಯ ದಿನ ತೈಪೆಯಿಂದ ಪತ್ರ ಬಂತು: ಅತಿ ದೀರ್ಘ ನಿಲುಗಡೆ ಇಪ್ಪತ್ತೇಳು ಸೆಕೆಂಡು, ಮನೆಯಿಂದಲೇ ಮುಂದುವರಿಯಬಹುದು. ಯೂಚಾನ್ ಅದನ್ನು ಓದಿಸಿಕೊಂಡು, "ಹಾಗಾದ್ರೆ ಇಬ್ಬರಿಗೆ ಅಡುಗೆ. ಕರ್ಮ," ಎಂದು ಹುರುಳಿಕಾಯಿ ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡರು.

ಪೊಟ್ಟಣ ಈಗಲೂ ಒಂದಿದೆ. ಪೂರ್ತಿ ಬಿಟ್ಟರೆ ಯಂತ್ರಕ್ಕೆ ಬೇಸರವಾದೀತು. ಅದು ಪೆಟ್ಟಿಗೆಯಿಂದ ಒಂದು ಮಾರು ದೂರದಲ್ಲಿ, ಗೋಡೆಗೊರಗಿ ನಿಂತಿದೆ. ತ್ಸೆಂಗ್ ಗಲ್ಲಿಗೆ ಬಂದಾಗ ಅವನ ಪೊಟ್ಟಣವನ್ನು ಅವನ ಕೈಗೇ ಕೊಟ್ಟು, ಯೂಚಾನ್ ಅರ್ಧ ಗಂಟೆ ಪಾಠ ಹೇಳಿದರು. ಈಗ ಗಲ್ಲಿಯಲ್ಲಿ ದ್ವೀಪದ ಸೂಲಗಿತ್ತಿಯ ಕಥೆಯ ಬೆನ್ನಿಗೇ ಇನ್ನೊಂದು ಕಥೆ ನಡೆಯುತ್ತದೆ.

"ಇಪ್ಪತ್ತೇಳನೇ ಸೆಕೆಂಡಿಗೆ ಹನ್ನೊಂದನ್ನೂ ತೆಗೆದವಳು ಯಾರು? ಈ ಕೈ! ನಾನಿಲ್ದಿದ್ರೆ ಅವಳು ಇಷ್ಟೊತ್ತಿಗೆ ತೈಪೆಲಿ!"

"ಅದೇನೋ ನಿಜ," ಎನ್ನುತ್ತಾಳೆ ಪೇಯೂ ಮಹಡಿಯಿಂದ ಬಗ್ಗಿ. "ಅವನ್ನ ಅಲ್ಲಿ ಇಟ್ಟವರು ಯಾರು, ಅದನ್ನೂ ಹೇಳಿ ಅತ್ತೆ."

"ಕರೆ ಬರ್ತಿದೆ, ಹೋಗೇ ಒಳಗೆ!"

ಯಾವ ಕರೆಯೂ ಬಂದಿರುವುದಿಲ್ಲ. ಪೇಯೂ ಒಳಗೆ ಹೋಗಿ, ನಗುತ್ತ, ಹಲಗೆಯ ನೆಲವನ್ನು ಎರಡು ಸಲ ತುಳಿಯುತ್ತಾಳೆ.